ಕರೆಂಟ್ ಹೋದರೂ ಮರೆಯದ ಚಿಪ್ ಮಾಡಬಹುದೇ?

ಪ್ರಶ್ನೆ: ಟೈಪ್ ಮಾಡುತ್ತಿರುವಾಗ ಕರೆಂಟ್ ಹೋದರೆ ಸೇವ್ ಮಾಡದ್ದೆಲ್ಲ ಮಾಯವಾಗುತ್ತದೆ, ಅಯಸ್ಕಾಂತದ ರೂಪದಲ್ಲಿ ಬರೆದಿಡುವ ಹಾರ್ಡ್‌ಡಿಸ್ಕ್‌ನಲ್ಲಿದ್ದದ್ದು ಮಾತ್ರ ಉಳಿಯುತ್ತದೆ. ಹಾಗಿದ್ದರೆ ಕಂಪ್ಯೂಟರಿನ ಎಲ್ಲ ನೆನಪನ್ನೂ ಅಯಸ್ಕಾಂತದಲ್ಲೇ ಯಾಕೆ ಇಡಬಾರದು?

ಉತ್ತರ: ಈ ಪ್ರಶ್ನೆಗೆ ತಮ್ಮ ವೃತ್ತಿಜೀವನವನ್ನೇ ಕೊಟ್ಟ ಭೌತವಿಜ್ಞಾನಿಯೊಬ್ಬರಿದ್ದಾರೆ, ಜಪಾನಿನ ಹಿಡೆಯೊ ಓನೊ. ಅವರು ನಡೆದ ದಾರಿಯಲ್ಲೇ ಉತ್ತರವೂ ಇದೆ.

ಮೊದಲು ತೊಂದರೆ ಏನೆಂದು ನೋಡೋಣ. ಕಂಪ್ಯೂಟರ್ ಕೆಲಸ ಮಾಡುವಾಗ ಬಳಸುವ ತಾತ್ಕಾಲಿಕ ನೆನಪೇ ರ‍್ಯಾಮ್. ರ‍್ಯಾಮ್‌ನ ಒಂದೊಂದು ಬಿಟ್ (0 ಅಥವಾ 1 ಎಂಬ ಗುರುತು) ಎಂದರೆ ಪುಟ್ಟ ಕೆಪಾಸಿಟರಿನಲ್ಲಿ ತುಂಬಿಟ್ಟ ವಿದ್ಯುದಾವೇಶ. ಅದು ತೂತು ಬಿಂದಿಗೆ, ಸೋರುತ್ತಲೇ ಇರುತ್ತದೆ. ಆದ್ದರಿಂದ ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಪ್ರತಿ ಬಿಟ್ಟನ್ನೂ ಓದಿ ಮತ್ತೆ ತುಂಬಬೇಕು. ಅಯಸ್ಕಾಂತಕ್ಕೆ ಈ ಕಾಟವಿಲ್ಲ. ಅದರೊಳಗೆ ಪುಟ್ಟ ಅಯಸ್ಕಾಂತಗಳಂತಿರುವ ಎಲೆಕ್ಟ್ರಾನ್ ಸ್ಪಿನ್‌ಗಳು ಒಂದೇ ದಿಕ್ಕು ಹಿಡಿದು ತಾವಾಗಿಯೇ ನಿಂತಿರುತ್ತವೆ. ಆದರೆ ಲೆಕ್ಕ ಮಾಡುವ ಸಿಲಿಕಾನ್, ಗ್ಯಾಲಿಯಂ ಆರ್ಸೆನೈಡ್‌ನಂಥ ಅರೆವಾಹಕಗಳು ಅಯಸ್ಕಾಂತಗಳಲ್ಲ. ಕಬ್ಬಿಣ, ಕೋಬಾಲ್ಟ್ ಅಯಸ್ಕಾಂತಗಳಾಗುತ್ತವೆ, ಅವು ಅರೆವಾಹಕಗಳಲ್ಲ.

ಹಾಗಾದರೆ ಅರೆವಾಹಕವನ್ನೇ ಅಯಸ್ಕಾಂತ ಮಾಡಿದರೆ? ಓನೊ ಮೊದಲು ಹಿಡಿದದ್ದು ಈ ದಾರಿ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿದ್ದಾಗ ಮುನೆಕಾತ ಮತ್ತಿತರರ ಜತೆ ಇಂಡಿಯಂ ಆರ್ಸೆನೈಡ್‌ಗೆ ಮ್ಯಾಂಗನೀಸ್ ಸೇರಿಸಿದರು. ನಮ್ಮ ಸಂಡೂರಿನ ಗಣಿಗಳಲ್ಲಿ ಅದಿರಾಗಿ ಸಿಗುತ್ತದಲ್ಲ, ಅದೇ ಮ್ಯಾಂಗನೀಸ್. ಜಪಾನಿಗೆ ಮರಳಿ, ಸೆಂಡೈನ ತೊಹೊಕು ವಿಶ್ವವಿದ್ಯಾಲಯದಲ್ಲಿ 1996ರಲ್ಲಿ ಗ್ಯಾಲಿಯಂ ಆರ್ಸೆನೈಡ್‌ನಲ್ಲೂ ಹೀಗೇ ಅಯಸ್ಕಾಂತ ಗುಣ ತಂದರು.

ಇದು ಸುಲಭದ ಕೆಲಸವಲ್ಲ. ಗಾಳಿಯನ್ನು ಪೂರ್ತಿ ಹೊರಹಾಕಿದ ಉಕ್ಕಿನ ಕೋಣೆಯಲ್ಲಿ ಕಾದ ಮೂಸೆಗಳಿಂದ ಗ್ಯಾಲಿಯಂ, ಆರ್ಸೆನಿಕ್, ಮ್ಯಾಂಗನೀಸ್ ಆವಿಯಾಗಿ ಬಂದು ಅರೆವಾಹಕದ ತೆಳು ಬಿಲ್ಲೆಯ ಮೇಲೆ ಪರಮಾಣು ಪದರಗಳಾಗಿ ಕೂರುತ್ತವೆ. ಒಳ್ಳೆಯ ಹರಳು ಬೇಕಾದರೆ ಬಿಲ್ಲೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿಯಿರಬೇಕು. ಆ ಬಿಸಿಯಲ್ಲಿ ಮ್ಯಾಂಗನೀಸ್ ಪರಮಾಣುಗಳು ಓಡಾಡಿ ಗುಂಪುಗಟ್ಟಿ, ಬೇರೆಯೇ ಸಂಯುಕ್ತವಾಗಿ ಗಂಟುಕಟ್ಟುತ್ತವೆ. ಅದಕ್ಕೇ ಬಿಸಿಯನ್ನು 250 ಡಿಗ್ರಿಯ ಆಸುಪಾಸಿಗೆ ಇಳಿಸಿದರು. ಓಡಾಡಲು ಆಗದ ಮ್ಯಾಂಗನೀಸ್, ಗ್ಯಾಲಿಯಂ ಇರಬೇಕಾದ ಜಾಗದಲ್ಲೇ ಸಿಕ್ಕಿಕೊಂಡಿತು. ಹರಳಿನ ಗುಣಮಟ್ಟ ಸ್ವಲ್ಪ ಕೆಟ್ಟರೂ ಪರವಾಗಿಲ್ಲ ಎಂದು ಒಪ್ಪಿಕೊಂಡ ಈ ಧೈರ್ಯ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

2000ದಲ್ಲಿ ಓನೊ ತಂಡ ಇನ್ನೊಂದು ಸೊಗಸಾದ ಪ್ರಯೋಗ ಮಾಡಿತು. ಈ ಪದಾರ್ಥಗಳಲ್ಲಿ ಮ್ಯಾಂಗನೀಸ್ ಸ್ಪಿನ್‌ಗಳನ್ನು ಒಗ್ಗೂಡಿಸುವುದು ಹೋಲ್‌ಗಳು, ಅಂದರೆ ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗಗಳು. ವೋಲ್ಟೇಜ್ ಕೊಟ್ಟು ಹೋಲ್‌ಗಳನ್ನು ತಳ್ಳಿದರೆ ಅಯಸ್ಕಾಂತ ಗುಣ ಹೋಯಿತು, ಸೆಳೆದರೆ ವಾಪಸ್ ಬಂತು! ಅಯಸ್ಕಾಂತಕ್ಕೆ ಸ್ವಿಚ್ ಹಾಕಿದ ಹಾಗಾಯಿತು.

ಇಷ್ಟಾದರೂ ಒಂದು ಅಡ್ಡಿ ಉಳಿಯಿತು. ಮ್ಯಾಂಗನೀಸ್ ಬೆರೆತ ಗ್ಯಾಲಿಯಂ ಆರ್ಸೆನೈಡ್ ಆಗ ಅಯಸ್ಕಾಂತವಾಗಿರುತ್ತಿದ್ದದ್ದು 110 ಕೆಲ್ವಿನ್ ವರೆಗೆ, ಅಂದರೆ ಮೈನಸ್ 163 ಡಿಗ್ರಿ ಸೆಲ್ಸಿಯಸ್. ಮುಂದೆ ಬೇರೆಯವರೂ ಸೇರಿ ಅದನ್ನು ಏರಿಸಿದರು, ಆದರೂ ಅದು ಕೋಣೆಯ ಉಷ್ಣತೆ ಮುಟ್ಟಲಿಲ್ಲ.

ಓನೊ ದಾರಿ ಬದಲಿಸಿದರು. ಅರೆವಾಹಕ ಅರೆವಾಹಕವಾಗಿಯೇ ಇರಲಿ, ಅದರ ಮೇಲೆ ಲೋಹದ ಅಯಸ್ಕಾಂತ ಪದರ ಕೂರಿಸೋಣ ಎಂದು ಹೊರಟರು. ಎರಡು ಅಯಸ್ಕಾಂತ ಪದರ, ನಡುವೆ ಮೆಗ್ನೀಸಿಯಂ ಆಕ್ಸೈಡ್‌ನ ತೀರಾ ತೆಳುವಾದ ಪರದೆ. ಎರಡರ ದಿಕ್ಕೂ ಒಂದೇ ಆದರೆ ಕರೆಂಟ್ ಸಲೀಸಾಗಿ ದಾಟುತ್ತದೆ, ವಿರುದ್ಧವಾದರೆ ತಡೆ ಹೆಚ್ಚು. ಅದೇ 0 ಮತ್ತು 1. ಇಂಥ ಪದರಗಳಲ್ಲಿ ಅಯಸ್ಕಾಂತದ ದಿಕ್ಕು ಸಾಮಾನ್ಯವಾಗಿ ಪದರದುದ್ದಕ್ಕೆ ಮಲಗಿರುತ್ತದೆ. ಬಿಟ್ ಚಿಕ್ಕದಾಗಬೇಕಾದರೆ, ನೆನಪೂ ಗಟ್ಟಿ ಇರಬೇಕಾದರೆ ಅದು ಎದ್ದು ನಿಲ್ಲಬೇಕು. 2010ರಲ್ಲಿ ಇಕೆದಾ, ಓನೊ ಮತ್ತು ಸಂಗಡಿಗರು ಕೋಬಾಲ್ಟ್-ಕಬ್ಬಿಣ-ಬೋರಾನ್ ಪದರವನ್ನು ಸುಮಾರು 1.5 ನ್ಯಾನೋಮೀಟರ್‌ಗಿಂತ ತೆಳು ಮಾಡಿದಾಗ ಅದರ ದಿಕ್ಕು ಎದ್ದು ನಿಂತಿತು. ಅಷ್ಟು ತೆಳುವಾದಾಗ ಒಡಲಿಗಿಂತ ಮೇಲ್ಮೈಯದೇ ಮೇಲುಗೈ. ಆಕ್ಸೈಡ್‌ಗೆ ತಾಗಿದ ಮೈಯಲ್ಲಿ ಕಬ್ಬಿಣ ಮತ್ತು ಆಮ್ಲಜನಕದ ಬಂಧ ಸ್ಪಿನ್‌ಗಳನ್ನು ನೆಟ್ಟಗೆ ನಿಲ್ಲಿಸುತ್ತದೆ. ಹೀಗೆ ಮಾಡಿದ ಬಿಟ್‌ನ ಅಡ್ಡಳತೆ ಬರೀ 40 ನ್ಯಾನೋಮೀಟರ್, ಅದೂ ಕೋಣೆಯ ಉಷ್ಣತೆಯಲ್ಲೇ.

ಇಂಥ ಪದರಗಳ ಮೇಲೆ ನಿಂತ, ಅಯಸ್ಕಾಂತದಲ್ಲಿ ನೆನಪಿಡುವ ಎಂ-ರ‍್ಯಾಮ್ ಚಿಪ್‌ಗಳು ಈಗ ಮಾರುಕಟ್ಟೆಯಲ್ಲಿವೆ, ಕರೆಂಟ್ ಹೋದರೂ ಮರೆಯುವುದಿಲ್ಲ. ನಿಮ್ಮ ಲ್ಯಾಪ್‌ಟಾಪಿನ ಮುಖ್ಯ ರ‍್ಯಾಮ್ ಮಾತ್ರ ಇನ್ನೂ ಹಳೆಯ ಕೆಪಾಸಿಟರಿನದೇ. ಅಷ್ಟೊಂದು ಗಿಗಾಬೈಟುಗಳನ್ನು ಅಷ್ಟು ಅಗ್ಗವಾಗಿ ತುಂಬಿಸಿಕೊಡುವುದು ಎಂ-ರ‍್ಯಾಮ್‌ಗೆ ಇನ್ನೂ ಆಗಿಲ್ಲ.