ಒಂದು ಸ್ಲೈಡ್ ಒಂದು ಜಿಬಿ: ಕೊಡಗಿನ ಇಂಟರ್‌ನೆಟ್‌ನಲ್ಲಿ ಓದಲಾದೀತೇ?

ಪ್ರಶ್ನೆ: ಎಂ.ಡಿ. ಪೆಥಾಲಜಿ ಮುಗಿಸಿ ಊರಿಗೆ ಮರಳಬೇಕೆಂದಿದ್ದೇನೆ. ಮನೆ ವಿರಾಜಪೇಟೆಯಿಂದ ಒಳಗೆ, ತೋಟದಲ್ಲಿ. ಮೈಸೂರಿನ ಲ್ಯಾಬಿನವರು ಸ್ಕ್ಯಾನ್ ಮಾಡಿದ ಸ್ಲೈಡ್‌ಗಳನ್ನು (ರೋಗಿಯ ಅಂಗಾಂಶದ ತೆಳು ಪದರ ಕೂರಿಸಿದ ಗಾಜು) ಮನೆಯಿಂದಲೇ ನೋಡಿ ರಿಪೋರ್ಟ್ ಕೊಡಬಹುದೇ? ಒಂದೊಂದು ಫೈಲ್ ಒಂದು ಜಿಬಿ ಇರುತ್ತದಂತೆ. ನಮ್ಮ ಕಡೆಯ ನೆಟ್‌ವರ್ಕ್‌ಗೆ ಇದು ಆಗುವ ಮಾತೇ?

ಉತ್ತರ: ಕೊಡಬಹುದು. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದರೂ "ಒಂದು ಜಿಬಿ" ಎನ್ನುವ ಮಾತು ಮಾತ್ರ ಜಿಗಣೆಯಂತೆ ಅಂಟಿಕೊಂಡೇ ಇದೆ. ಈ ಸಲ ಅದನ್ನು ಬೇರು ಸಮೇತ ಕಿತ್ತು ಮುಂದಕ್ಕೆ ಹೋಗೋಣ.

ಫೈಲ್ ದೊಡ್ಡದು ಎನ್ನುವುದು ನಿಜ. 40 ಎಕ್ಸ್, ಅಂದರೆ ಸೂಕ್ಷ್ಮದರ್ಶಕದ 40ರ ಲೆನ್ಸ್‌ಗೆ ಸಮನಾದ ಸ್ಕ್ಯಾನ್‌ನಲ್ಲಿ ಒಂದು ಪಿಕ್ಸೆಲ್ ಅಂದರೆ ಸುಮಾರು 0.25 ಮೈಕ್ರಾನ್. 15 ಮಿ.ಮೀ. ಉದ್ದ, ಅಷ್ಟೇ ಅಗಲದ ತುಣುಕನ್ನು ಹಾಗೆ ಸ್ಕ್ಯಾನ್ ಮಾಡಿದರೆ 60,000 ಗುಣಿಸು 60,000, ಅಂದರೆ 360 ಕೋಟಿ ಪಿಕ್ಸೆಲ್ ಆಗುತ್ತದೆ. ಕುಗ್ಗಿಸದೆ ಇಟ್ಟರೆ 10 ಜಿಬಿ ದಾಟುತ್ತದೆ, ಜೆಪೆಗ್‌ನಲ್ಲಿ ಕುಗ್ಗಿಸಿದರೆ ಒಂದು ಜಿಬಿಯ ಆಸುಪಾಸಿಗೆ ಇಳಿಯುತ್ತದೆ. ಇಲ್ಲಿಯವರೆಗೆ ನೀವು ಕೇಳಿದ್ದು ಸರಿ. ಆದರೆ ಆ ಒಂದು ಜಿಬಿ ನಿಮ್ಮ ಮನೆಗೆ ಬರುವುದೇ ಇಲ್ಲ. ಅದು ಲ್ಯಾಬಿನ ಸರ್ವರ್‌ನಲ್ಲೇ ಇರುತ್ತದೆ.

ಸ್ಕ್ಯಾನರ್ ಇಡೀ ಚಿತ್ರವನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ ಇಡುತ್ತದೆ. ಒಂದು ಚೌಕ ಸಾಮಾನ್ಯವಾಗಿ 256 ಗುಣಿಸು 256 ಪಿಕ್ಸೆಲ್. ಅದೇ ಚಿತ್ರದ ಕಿರಿದು ಮಾಡಿದ ಪ್ರತಿಗಳೂ ಅದೇ ಫೈಲಿನೊಳಗೆ ಒಂದರ ಮೇಲೊಂದು ಪಿರಮಿಡ್‌ನಂತೆ ಕೂತಿರುತ್ತವೆ. ನೀವು ಯಾವ ಜಾಗವನ್ನು ಎಷ್ಟು ದೊಡ್ಡದು ಮಾಡಿ ನೋಡುತ್ತೀರೋ ಆ ಜಾಗದ, ಆ ಮಟ್ಟದ ಚೌಕಗಳನ್ನಷ್ಟೇ ಸರ್ವರ್ ಕಳಿಸುತ್ತದೆ. ಫೋನಿನ ಮ್ಯಾಪ್‌ನಲ್ಲಿ ಭಾಗಮಂಡಲ ಹುಡುಕುವಾಗ ಇಡೀ ಕರ್ನಾಟಕದ ನಕ್ಷೆಯನ್ನು ಡೌನ್‌ಲೋಡ್ ಮಾಡಿಕೊಳ್ಳುತ್ತೀರಾ? ಇಲ್ಲವಲ್ಲ. ಇದೂ ಹಾಗೇ.

ಲೆಕ್ಕ ಹಾಕಿ ನೋಡಿ. 1920 ಗುಣಿಸು 1080 ಪಿಕ್ಸೆಲ್‌ನ ಮಾನಿಟರ್ ತುಂಬಲು ಅಡ್ಡಕ್ಕೆ 9, ಉದ್ದಕ್ಕೆ 6, ಹೆಚ್ಚೆಂದರೆ 54 ಚೌಕ ಬೇಕು. ಒಂದೊಂದು 20 ಕೆಬಿ ಎಂದಿಟ್ಟುಕೊಂಡರೂ ಒಟ್ಟು ಒಂದು ಎಂಬಿ ಚಿಲ್ಲರೆ. 10 ಎಂಬಿಪಿಎಸ್ ಸಂಪರ್ಕದಲ್ಲಿ ಅದು ಒಂದು ಸೆಕೆಂಡಿನ ಕೆಲಸ. ಪಕ್ಕಕ್ಕೆ ಸ್ವಲ್ಪ ಸರಿಸಿದರೆ ಹೊಸದಾಗಿ ಬರುವುದು ಒಂದು ಉದ್ದಸಾಲಿನ ಆರೇ ಚೌಕ, ಉಳಿದವು ಆಗಲೇ ಬಂದು ಕೂತಿವೆ. ಒಂದು ಬಯಾಪ್ಸಿಯಲ್ಲಿ 60 ಕಡೆ ನಿಂತು ನೋಡಿದರೂ 60 ಎಂಬಿ. 4ಕೆ ಮಾನಿಟರ್ ಆದರೆ ಇದರ ನಾಲ್ಕು ಪಟ್ಟು, ಅದೂ ನಿಭಾಯಿಸುವಂಥದ್ದೇ.

"ನಾನು ಪ್ರಯತ್ನಿಸಿ ನೋಡಿದೆ, ಎಳೆದಾಡಿತು" ಎನ್ನುವವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡಿರುತ್ತಾರೆ. ಒಂದೋ ಫೈಲನ್ನೇ ಡೌನ್‌ಲೋಡ್‌ಗೆ ಹಾಕಿರುತ್ತಾರೆ, ಇಲ್ಲವೇ ಲ್ಯಾಬಿನ ಕಂಪ್ಯೂಟರನ್ನು ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ತೆರೆದು ಅದರೊಳಗೆ ಸ್ಲೈಡ್ ನೋಡಿರುತ್ತಾರೆ. ರಿಮೋಟ್ ಡೆಸ್ಕ್‌ಟಾಪ್ ನೀವು ಕೈ ಆಡಿಸಿದಾಗೆಲ್ಲ ಪರದೆಯನ್ನು ಮತ್ತೊಮ್ಮೆ ಕುಗ್ಗಿಸಿ ಕಳಿಸುತ್ತದೆ, ಬಣ್ಣವೂ ಕಲಸಿಹೋಗುತ್ತದೆ, ಜೀವಕೋಶದ ನ್ಯೂಕ್ಲಿಯಸ್‌ನೊಳಗಿನ ಕ್ರೊಮಾಟಿನ್ (ಡಿಎನ್‌ಎ ಇರುವ ವಸ್ತು) ಮಸಿ ಬಳಿದಂತೆ ಕಾಣುತ್ತದೆ. ಬ್ರೌಸರ್‌ನಲ್ಲಿ ನೇರವಾಗಿ ತೆರೆಯುವ ವ್ಯೂವರ್ ಕೊಡಿ ಎಂದು ಲ್ಯಾಬಿನವರನ್ನು ಕೇಳಿ. ವೇಗಕ್ಕಿಂತ ಪಿಂಗ್, ಅಂದರೆ ನೀವು ಕೇಳಿದ್ದು ಸರ್ವರ್‌ಗೆ ಹೋಗಿ ಉತ್ತರ ಮರಳಲು ಹಿಡಿಯುವ ಸಮಯ, ನೋಡಿಕೊಳ್ಳಿ. 50 ಮಿಲಿಸೆಕೆಂಡಿನೊಳಗಿದ್ದರೆ ಕೈ ಓಡಿದಂತೆ ಚಿತ್ರ ಓಡುತ್ತದೆ. 200 ದಾಟಿದರೆ ಪ್ರತಿ ಸಲ ಮಂಜು ಕವಿದು ಆಮೇಲೆ ತಿಳಿಯಾಗುತ್ತದೆ, ಸಂಜೆಯ ಹೊತ್ತಿಗೆ ಕಣ್ಣು ಸೋಲುತ್ತದೆ.

ಕೊಡಗಿನಲ್ಲಿ ನಿಜವಾಗಿ ಕೈಕೊಡುವುದು ಕರೆಂಟು. ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಮಳೆಯಲ್ಲಿ ಒಂದು ಸಿಲ್ವರ್ ಓಕ್ ಉರುಳಿದರೆ ವಿದ್ಯುತ್ ತಂತಿಯ ಜೊತೆ ಅದೇ ಕಂಬದ ಮೇಲಿನ ಫೈಬರ್ ಕೂಡ ನೆಲಕ್ಕೆ ಬರುತ್ತದೆ. ಮೋಡೆಮ್‌ಗೆ 12 ವೋಲ್ಟ್‌ನ ಪುಟ್ಟ ಯುಪಿಎಸ್, ಕಂಪ್ಯೂಟರಿಗೆ ಬೇರೆ ಯುಪಿಎಸ್, ಬೇರೆ ಕಂಪನಿಯ ಸಿಮ್ ಹಾಕಿದ ರೂಟರ್ ಒಂದು. ಇಷ್ಟಿದ್ದರೂ ಮೊಬೈಲ್ ಟವರ್‌ನ ಬ್ಯಾಟರಿ ತೀರಿದ ಮೇಲೆ ಏನೂ ನಡೆಯುವುದಿಲ್ಲ. ಆದ್ದರಿಂದ ಫ್ರೋಜನ್ ಸೆಕ್ಷನ್, ಅಂದರೆ ಆಪರೇಷನ್ ನಡೆಯುವಾಗಲೇ ತುಣುಕನ್ನು ಹೆಪ್ಪುಗಟ್ಟಿಸಿ ನೋಡುವ ಕೆಲಸ, ಒಪ್ಪಿಕೊಳ್ಳಬೇಡಿ. ಅಲ್ಲಿ ಆಪರೇಷನ್ ಟೇಬಲ್ ಮೇಲೆ ರೋಗಿಯಿದ್ದಾರೆ, ಶಸ್ತ್ರವೈದ್ಯರು 20 ನಿಮಿಷದಲ್ಲಿ ಉತ್ತರ ಕೇಳುತ್ತಾರೆ. ಮಾಮೂಲಿ ಬಯಾಪ್ಸಿಯನ್ನು ಕರೆಂಟು ಬಂದ ಮೇಲೆ ಓದಿದರೂ ನಡೆಯುತ್ತದೆ.

ಕೆಲಸ ಶುರು ಮಾಡುವ ಮೊದಲು ವ್ಯಾಲಿಡೇಷನ್, ಅಂದರೆ ಪರದೆಯಲ್ಲಿ ಓದಿದ್ದು ಗಾಜಿನಲ್ಲಿ ಓದಿದ್ದಕ್ಕೆ ತಾಳೆಯಾಗುತ್ತದೆಯೇ ಎನ್ನುವ ಪರೀಕ್ಷೆ, ಆಗಲೇಬೇಕು. ಅಮೆರಿಕದ ಪೆಥಾಲಜಿಸ್ಟರ ಕಾಲೇಜು ಹೇಳುವ ಲೆಕ್ಕ ಕನಿಷ್ಠ 60 ಕೇಸ್. ಒಂದೇ ಕೇಸನ್ನು ಸೂಕ್ಷ್ಮದರ್ಶಕದಡಿಯ ಗಾಜಿನಲ್ಲೂ ಪರದೆಯಲ್ಲೂ ನೋಡಬೇಕು, ಎರಡರ ನಡುವೆ ಕನಿಷ್ಠ ಎರಡು ವಾರದ ಅಂತರ ಇರಬೇಕು. ಮೊದಲ ಸಲ ಕಂಡದ್ದು ಅಷ್ಟರೊಳಗೆ ಮರೆತಿರಲಿ ಎಂದೇ ಆ ಅಂತರ.

ಪ್ರತಿ ಸ್ಲೈಡ್ ತೆರೆದ ಕೂಡಲೇ ಮೂಲೆಯ ಓವರ್‌ವ್ಯೂ ಚಿತ್ರವನ್ನು ನೋಡಿ. ಅದು ಇಡೀ ಗಾಜಿನ ಸಾದಾ ಫೋಟೊ. ಅದರಲ್ಲಿ ಮೂರು ತುಣುಕು ಕಂಡು, ಸ್ಕ್ಯಾನ್‌ನಲ್ಲಿ ಎರಡೇ ಇದ್ದರೆ ಒಂದನ್ನು ಯಂತ್ರ ಬಿಟ್ಟಿದೆ ಎಂದರ್ಥ. ಕೊಬ್ಬಿನಂಥ ಪೇಲವ ತುಣುಕನ್ನು ಸ್ಕ್ಯಾನರ್ ಖಾಲಿ ಗಾಜು ಎಂದುಕೊಳ್ಳುತ್ತದೆ. ಆ ಬಿಟ್ಟುಹೋದ ತುಣುಕಿನಲ್ಲೇ ಕ್ಯಾನ್ಸರ್ ಇರಬಹುದು. ಕವರ್ ಸ್ಲಿಪ್ ಕೆಳಗೆ ಗಾಳಿಗುಳ್ಳೆ, ಗಾಜಿನ ಮೇಲೆ ಪೆನ್ನಿನ ಗುರುತು, ಮಡಚಿದ ಸೆಕ್ಷನ್ (ಅಂಗಾಂಶದ ಪದರ) ಇದ್ದರೂ ಫೋಕಸ್ ತಪ್ಪುತ್ತದೆ. ಆಗ ಮರು ಸ್ಕ್ಯಾನ್ ಕೇಳಲು ಸಂಕೋಚ ಬೇಡ. ಎಫ್‌ಎನ್‌ಎಸಿಯಲ್ಲಿ (ಸಣ್ಣ ಸೂಜಿಯಿಂದ ಗಡ್ಡೆಯ ಜೀವಕೋಶ ಎಳೆದು ನೋಡುವ ಪರೀಕ್ಷೆ) ಸಿಗುವ ಜೀವಕೋಶಗಳ ದಪ್ಪ ಗುಂಪುಗಳಿಗೆ ಒಂದೇ ಪದರದ ಸ್ಕ್ಯಾನ್ ಸಾಲದು, ಬೇರೆ ಬೇರೆ ಆಳದಲ್ಲಿ ಫೋಕಸ್ ಮಾಡಿದ ಹಲವು ಪದರಗಳ ಜೆಡ್-ಸ್ಟ್ಯಾಕ್ ಬೇಕು. ಕ್ಷಯದ ಬ್ಯಾಸಿಲಸ್ ಹುಡುಕಲು ಎಣ್ಣೆಯ ಲೆನ್ಸ್, ಅಮೈಲಾಯ್ಡ್ ಎಂಬ ಪ್ರೋಟೀನ್ ಪತ್ತೆಗೆ ಹಚ್ಚುವ ಕಾಂಗೊ ರೆಡ್ ಬಣ್ಣದ ಸೇಬು ಹಸಿರು ಹೊಳಪು ನೋಡಲು ಪೋಲರೈಸರ್ ಬೇಕು. ಅವು ಲ್ಯಾಬಿನಲ್ಲಿರುವವರ ಪಾಲಿನ ಕೆಲಸ.

ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಕೇಳಬೇಕಾದದ್ದು ಅದೇ: ಗ್ರಾಸಿಂಗ್, ಅಂದರೆ ಬಂದ ಗಡ್ಡೆಯನ್ನು ಕಣ್ಣಿನಿಂದ ನೋಡಿ ಸ್ಲೈಡ್‌ಗೆ ಬೇಕಾದ ತುಣುಕು ಕತ್ತರಿಸುವ ಕೆಲಸ, ಯಾರು ಮಾಡುತ್ತಾರೆ? ಗಡ್ಡೆಯ ಯಾವ ಭಾಗದಿಂದ ತುಣುಕು ತೆಗೆದರು, ಅಂಚಿಗೆ ಶಾಯಿ ಹಚ್ಚಿದರೇ ಎನ್ನುವುದು ಪರದೆಯಲ್ಲಿ ಗೊತ್ತಾಗುವುದಿಲ್ಲ. ಅಳತೆಪಟ್ಟಿ ಇಟ್ಟು ತೆಗೆದ ಫೋಟೊ ಮತ್ತು ಯಾವ ಬ್ಲಾಕ್ (ಮೇಣದಲ್ಲಿ ಕೂರಿಸಿದ ತುಣುಕು) ಎಲ್ಲಿಂದ ಎನ್ನುವ ಪಟ್ಟಿಯನ್ನು ಪ್ರತಿ ಕೇಸ್ ಜೊತೆ ತರಿಸಿಕೊಳ್ಳಿ.

ಅದಕ್ಕೂ ಹಿಂದಿನದು ಅಂಗಾಂಶ ಹಾಕಿ ಲ್ಯಾಬಿಗೆ ಕಳಿಸುವ ಡಬ್ಬಿ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ., ದಾರಿಯಲ್ಲೇ ಅಂಗಾಂಶ ಕೆಡಬಹುದು. ಸಲೈನ್‌ನಲ್ಲಿ ಹಾಕಿ ಕಳಿಸಿದ ಗಡ್ಡೆ ಒಳಗಿಂದ ಕೊಳೆತಿರುತ್ತದೆ, ಅದನ್ನು ಯಾವ ಸ್ಕ್ಯಾನರೂ ಉಳಿಸಲಾರದು. ಬೇಕಾದದ್ದು ಅಂಗಾಂಶ ಕೆಡದಂತೆ ಕಾಯುವ ಶೇ. 10ರ ಬಫರ್ಡ್ ಫಾರ್ಮಲಿನ್ ದ್ರಾವಣ, ಅಂಗಾಂಶದ ಗಾತ್ರದ ಹತ್ತು ಪಟ್ಟು. ಸ್ತನದ ಗಡ್ಡೆಯಾದರೆ 6ರಿಂದ 72 ಗಂಟೆ ಫಾರ್ಮಲಿನ್‌ನಲ್ಲಿರಬೇಕು, ಯಾವಾಗ ಹಾಕಿದರು ಎಂದು ಚೀಟಿಯಲ್ಲಿ ಬರೆದಿರಬೇಕು. ಡಬ್ಬಿಯ ಬಾಯಿ ಅಗಲವಾಗಿರಲಿ. ಮೆತ್ತಗಿದ್ದಾಗ ಕಿರಿಬಾಯಿಯ ಬಾಟಲಿಯೊಳಗೆ ತುರುಕಿದ ಗರ್ಭಕೋಶ ಫಾರ್ಮಲಿನ್‌ನಲ್ಲಿ ಗಟ್ಟಿಯಾದ ಮೇಲೆ ಹೊರಗೆ ಬರುವುದಿಲ್ಲ, ಬಾಟಲಿಯನ್ನೇ ಕತ್ತರಿಸಬೇಕಾಗುತ್ತದೆ.