ಹಾಡು ಉಳಿಯಿತು, ದುಡಿದವರ ಪಾಲು ಎಲ್ಲಿ? ಧ್ವನಿಮುದ್ರಣ ಉದ್ಯಮ ಬದಲಾದ ಬಗೆ

ಭಾರತದಲ್ಲಿ ಧ್ವನಿಮುದ್ರಣ ಉದ್ಯಮ ಬೇರುಬಿಟ್ಟದ್ದು 1902ರ ನವೆಂಬರ್‌ನಲ್ಲಿ, ಲಂಡನ್ನಿನ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯ ಹೋಟೆಲೊಂದರಲ್ಲಿ ಯಂತ್ರ ಹೂಡಿ ಗೌಹರ್ ಜಾನ್ ಅವರ ಗಾಯನವನ್ನು ಮೇಣದ ತಟ್ಟೆಗೆ ಇಳಿಸಿಕೊಂಡಾಗ. ಆಗ ಮೈಕ್ರೊಫೋನ್ ಇರಲಿಲ್ಲ. ಗಾಯಕಿ ದೊಡ್ಡ ಕೊಂಬಿನ ಬಾಯಿಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕಿತ್ತು. ಆ ದನಿಗೆ ಕೊಂಬಿನ ಇನ್ನೊಂದು ತುದಿಯ ತೆಳು ಪೊರೆ ಕಂಪಿಸಿ, ಅದಕ್ಕೆ ಜೋಡಿಸಿದ ಸೂಜಿ ಮೇಣದಲ್ಲಿ ಗೆರೆ ಕೊರೆಯುತ್ತಿತ್ತು. ಮೂರು, ಮೂರೂವರೆ ನಿಮಿಷದಲ್ಲಿ ತಟ್ಟೆ ತುಂಬಿಬಿಡುತ್ತಿದ್ದುದರಿಂದ ಗಂಟೆಗಟ್ಟಲೆ ಹಿಗ್ಗಬಲ್ಲ ರಾಗವನ್ನು ಅಷ್ಟರೊಳಗೆ ಮುಗಿಸುವ ಹೊಸ ಜಾಣ್ಮೆಯನ್ನು ಗಾಯಕರು ಕಲಿಯಬೇಕಾಯಿತು. ಆ ಕಾಲದ ತಟ್ಟೆಗಳ ಕೊನೆಯಲ್ಲಿ ಗೌಹರ್ ಜಾನ್ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುವುದು ಇಂದಿಗೂ ಕೇಳುತ್ತದೆ. ಜರ್ಮನಿಯ ಹಾನೋವರ್‌ನ ಕಾರ್ಖಾನೆಯಲ್ಲಿ ತಟ್ಟೆ ಅಚ್ಚುಹಾಕುವವರಿಗೆ ಇದು ಯಾರ ಹಾಡೆಂದು ತಿಳಿಯಲಿ ಎಂಬುದು ಅದರ ಉದ್ದೇಶವಾಗಿತ್ತು.

ನೂರಾರು ಹಾಡುಗಳನ್ನು ತಟ್ಟೆಗೆ ಕೊಟ್ಟ ಆ ಗಾಯಕಿಗೆ ಕೊನೆಗಾಲದಲ್ಲಿ ಆಸರೆಯಾದದ್ದು ಮೈಸೂರು ಅರಮನೆ. ನಾಲ್ವಡಿ ಕೃಷ್ಣರಾಜ ಒಡೆಯರ್ 1928ರಲ್ಲಿ ಅವರನ್ನು ಆಸ್ಥಾನ ಗಾಯಕಿಯಾಗಿ ನೇಮಿಸಿದರು. 1930ರ ಜನವರಿ 17ರಂದು ಅವರು ಮೈಸೂರಿನಲ್ಲೇ ತೀರಿಕೊಂಡರು. ದನಿಯನ್ನು ಹಿಡಿದಿಡುವ ಯಂತ್ರ ಎಷ್ಟೇ ಮುಂದುವರಿದರೂ, ಆ ದನಿಯಿಂದ ಹುಟ್ಟುವ ಹಣ ಯಾರಿಗೆ ಸೇರಬೇಕು ಎಂಬ ಪ್ರಶ್ನೆ ಯಂತ್ರದಷ್ಟು ಬೇಗ ಮುಂದುವರಿಯಲಿಲ್ಲ. ಈ ಉದ್ಯಮದ ನೂರಿಪ್ಪತ್ತು ವರ್ಷಗಳ ಕಥೆಯನ್ನು ಈ ಪ್ರಶ್ನೆಯ ಬೆಳಕಿನಲ್ಲಿ ನೋಡಿದಾಗಲೇ ಅದು ಸರಿಯಾಗಿ ಅರ್ಥವಾಗುತ್ತದೆ ಎಂಬುದು ನನ್ನ ನಂಬಿಕೆ.

1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಶುರುವಾದ ಮೇಲೆ ತಟ್ಟೆಗಳು ಇಲ್ಲಿಯೇ ತಯಾರಾಗತೊಡಗಿದವು. 1925ರ ಸುಮಾರಿಗೆ ವಿದ್ಯುತ್ ಮೈಕ್ರೊಫೋನ್ ಬಂದು, ಮೆಲುದನಿಯ ಹಾಡುಗಾರಿಕೆಗೂ ಮೃದುವಾದ ವಾದ್ಯಗಳಿಗೂ ಜಾಗ ಸಿಕ್ಕಿತು. ನಮ್ಮ ಕಡೆಯ ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ್ ಅವರ ಕಂಠ ಊರೂರಿಗೆ ತಲುಪಿದ್ದು ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ತಿರುಗುವ ಈ ತಟ್ಟೆಗಳ ಮೂಲಕ. ಮನ್ಸೂರರು ಎಚ್‌ಎಂವಿ (ಅದೇ ಗ್ರಾಮಫೋನ್ ಕಂಪನಿಯ ಮುದ್ರೆ) ಕಂಪನಿಗೆ ಸಂಗೀತ ನಿರ್ದೇಶಕರಾಗಿಯೂ ದುಡಿದರು. ಕಂಪನಿ ಎಂದರೆ ಹಾಡುಗಾರರಷ್ಟೇ ಅಲ್ಲ, ರಾಗ ಹಾಕುವವರು, ವಾದ್ಯವೃಂದ ಕೂಡಿಸುವವರು, ಊರೂರು ತಿರುಗಿ ಹೊಸ ಕಂಠಗಳನ್ನು ಹುಡುಕುವವರು ಎಲ್ಲರಿಗೂ ಅನ್ನದ ದಾರಿಯಾಗತೊಡಗಿದ ಕಾಲವದು.

ತಿಂಗಳ ಸಂಬಳದ ಭದ್ರತೆ ಕೊಟ್ಟದ್ದು ಮಾತ್ರ ರೇಡಿಯೊ. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಆರಂಭಿಸಿದ ಆಕಾಶವಾಣಿ, 1950ರಲ್ಲಿ ಶುರುವಾದ ಧಾರವಾಡ ನಿಲಯ, ಆಮೇಲೆ ಬೆಂಗಳೂರು, ಮಂಗಳೂರು ನಿಲಯಗಳು ನಿಲಯ ಕಲಾವಿದರೆಂಬ ಒಂದು ವರ್ಗವನ್ನೇ ಬೆಳೆಸಿದವು. ಸಾರಂಗಿ, ತಬಲಾ, ಪಿಟೀಲು ನುಡಿಸುವವನು ಸರ್ಕಾರಿ ನೌಕರನಂತೆ ಬದುಕಲು ಸಾಧ್ಯ ಎಂಬುದು ಆ ತಲೆಮಾರಿಗೆ ದೊಡ್ಡ ಸಂಗತಿ. ತಾಂತ್ರಿಕ ಕೆಲಸ ಕಲಿಯಲು ಬಯಸುವವರಿಗೆ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಇತ್ತು. ಅಲ್ಲಿ 1940ರ ದಶಕದಲ್ಲೇ ಛಾಯಾಗ್ರಹಣದ ಜೊತೆಗೆ ಧ್ವನಿಗ್ರಹಣವನ್ನೂ ಕಲಿಸುತ್ತಿದ್ದರು. ಅಲ್ಲಿ ಕಲಿತ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರ ಹೆಸರನ್ನು ದೇಶವೇ ಬಲ್ಲದು. ಧ್ವನಿಯ ವಿಭಾಗದಿಂದ ಹೊರಬಂದವರ ಹೆಸರು ಚಿತ್ರದ ಶೀರ್ಷಿಕೆಪಟ್ಟಿಯಲ್ಲಿ ಒಂದು ಕ್ಷಣ ಮಿಂಚಿ ಮಾಯವಾಗುತ್ತಿತ್ತು.

ಕನ್ನಡ ಚಿತ್ರಗೀತೆಗಳ ದೊಡ್ಡ ಕಾಲ ನಡೆದದ್ದು ಮದರಾಸಿನಲ್ಲಿ. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್–ನಾಗೇಂದ್ರ ಮುಂತಾದವರ ಹಾಡುಗಳು ಬಹುಪಾಲು ಅಲ್ಲಿನ ಚಿತ್ರೋದ್ಯಮದ ನೆಲೆಯಾದ ಕೋಡಂಬಾಕ್ಕಂ ಸುತ್ತಮುತ್ತಲಿನ ಸ್ಟುಡಿಯೊಗಳಲ್ಲಿ ಧ್ವನಿಮುದ್ರಣಗೊಂಡವು. ಅಂದಿನ ಕ್ರಮ ಇಂದಿನವರಿಗೆ ನಂಬಲು ಕಷ್ಟವಾಗಬಹುದು. ಬೆಳಿಗ್ಗೆ ವಾದ್ಯಗಾರರು ಬಂದು ಕೂರುತ್ತಾರೆ. ಪಿಟೀಲಿನವರು ಒಂದು ಸಾಲು, ಕೊಳಲು, ಸಿತಾರ್ ಇನ್ನೊಂದು ಕಡೆ, ತಬಲಾ ಮತ್ತು ಡೋಲಕ್ ಬೇರೆ, ಗಾಯಕರಿಗೆ ಪ್ರತ್ಯೇಕ ಗಾಜಿನ ಕೋಣೆ. ಯಾವ ವಾದ್ಯ ಎಲ್ಲಿ ಏನು ನುಡಿಸಬೇಕೆಂದು ಅರೇಂಜರ್ ಬರೆದ ನೋಟ್ಸ್ ಹಂಚಿ, ರಿಹರ್ಸಲ್ ಮುಗಿಸಿ, ಟೇಕ್ ಹೇಳಿದ ಮೇಲೆ ಹಾಡು ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಸಾಗಬೇಕು. ಎರಡನೇ ಚರಣದಲ್ಲಿ ಒಬ್ಬ ಪಿಟೀಲುವಾದಕನ ಬೆರಳು ಜಾರಿದರೂ ಎಲ್ಲರೂ ಮತ್ತೆ ಪಲ್ಲವಿಯಿಂದ ಶುರುಮಾಡಬೇಕು. ಗಾಜಿನ ಆಚೆ ಕುಳಿತ ಧ್ವನಿಗ್ರಾಹಕ ದನಿ ಹೆಚ್ಚುಕಡಿಮೆ ಮಾಡುವ ಫೇಡರ್ ಗುಂಡಿಗಳನ್ನು ಕೈಯಿಂದಲೇ ಏರಿಸಿ ಇಳಿಸಿ ಆ ಕ್ಷಣದಲ್ಲೇ ಮಿಶ್ರಣ ಮಾಡಬೇಕು. ಆಮೇಲೆ ತಿದ್ದಲು ಹೆಚ್ಚೇನೂ ಉಳಿಯುತ್ತಿರಲಿಲ್ಲ. ಆ ಹಾಡುಗಳಲ್ಲಿ ಕೇಳುವ ಒಗ್ಗಟ್ಟು ಅಷ್ಟೂ ಜನ ಒಂದೇ ಕೋಣೆಯಲ್ಲಿ ಒಬ್ಬರ ಉಸಿರಿಗೆ ಒಬ್ಬರು ಕಿವಿಗೊಟ್ಟು ನುಡಿಸಿದ್ದರ ಫಲ. ಅವರಿಗೆ ಸಂಭಾವನೆ ಕಾಲ್‌ಶೀಟ್ ಲೆಕ್ಕದಲ್ಲಿ, ಅಂದರೆ ಕರೆಸಿಕೊಂಡ ಪಾಳಿಗೆ ಇಷ್ಟೆಂದು, ಸಿಗುತ್ತಿತ್ತು. ಹಾಡು ಐವತ್ತು ವರ್ಷ ಬದುಕಿದರೂ ಸಂಭಾವನೆ ಆ ದಿನದ್ದು ಮಾತ್ರ.

ಈ ಪದ್ಧತಿಗೆ ಕಾನೂನಿನ ಒಪ್ಪಿಗೆಯೂ ಇತ್ತು. 1957ರ ಹಕ್ಕುಸ್ವಾಮ್ಯ ಕಾಯ್ದೆ ಧ್ವನಿಮುದ್ರಣಕ್ಕೆ ನಿರ್ಮಾಪಕನನ್ನೇ ಕರ್ತೃವೆಂದು ಪರಿಗಣಿಸುತ್ತದೆ. 1977ರಲ್ಲಿ ಸುಪ್ರೀಂ ಕೋರ್ಟು, ಹಣ ಕೊಟ್ಟು ಚಿತ್ರಕ್ಕಾಗಿ ಬರೆಸಿಕೊಂಡ ಸಾಹಿತ್ಯ ಮತ್ತು ಸಂಗೀತಕ್ಕೆ, ಬೇರೆ ಕರಾರು ಇಲ್ಲದಿದ್ದರೆ, ನಿರ್ಮಾಪಕನೇ ಮೊದಲ ಒಡೆಯ ಎಂದು ತೀರ್ಪಿತ್ತಿತು. ಅದೇ ತೀರ್ಪಿಗೆ ಪ್ರತ್ಯೇಕ ಟಿಪ್ಪಣಿ ಬರೆದ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಗಾಯಕನಿಗೆ ನಮ್ಮ ಕಾನೂನಿನಲ್ಲಿ ಹಕ್ಕೇ ಇಲ್ಲದಿರುವುದರತ್ತ ಬೆರಳು ಮಾಡಿ, ಸಂಸತ್ತು ಅದನ್ನು ಗಮನಿಸಬೇಕೆಂದರು. ಹಾಡುವವರಿಗೆ, ನುಡಿಸುವವರಿಗೆ ಸಲ್ಲುವ ‘ಪ್ರದರ್ಶಕರ ಹಕ್ಕು’ ಎಂಬುದೊಂದು ಕಾಯ್ದೆಯಲ್ಲಿ ಸೇರಲು 1994ರ ತಿದ್ದುಪಡಿಯವರೆಗೆ ಕಾಯಬೇಕಾಯಿತು.

ಅಷ್ಟರಲ್ಲಿ ಕ್ಯಾಸೆಟ್ಟು ಉದ್ಯಮವನ್ನು ತಲೆಕೆಳಗು ಮಾಡಿತ್ತು. ತಟ್ಟೆ ಅಚ್ಚುಹಾಕಲು ಕಾರ್ಖಾನೆ ಬೇಕು. ಕ್ಯಾಸೆಟ್ಟು ಪ್ರತಿಮಾಡಲು ಒಂದು ಕೋಣೆ, ಕೆಲವು ಯಂತ್ರ ಸಾಕು. ದಶಕಗಳ ಕಾಲ ಒಂದೇ ಕಂಪನಿಯ ಹಿಡಿತದಲ್ಲಿದ್ದ ಮಾರುಕಟ್ಟೆಗೆ ಸಣ್ಣ ಕಂಪನಿಗಳು ನುಗ್ಗಿದವು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿಯಾಗಿ ಬಂತು. ಅದರ ಹಿಂದೆಯೇ ಸುಗಮ ಸಂಗೀತ ಒಂದು ವೃತ್ತಿಯಾಯಿತು, ಸಿ. ಅಶ್ವತ್ಥ್ ಅಂಥವರ ಕಂಠದಲ್ಲಿ ಶಿಶುನಾಳ ಷರೀಫರು ಮನೆಮನೆಗೆ ಬಂದರು. ಕರಾವಳಿಯಲ್ಲಿ ಯಕ್ಷಗಾನ, ತಾಳಮದ್ದಳೆಯ ಕ್ಯಾಸೆಟ್ಟುಗಳು, ಒಳನಾಡಿನಲ್ಲಿ ಜನಪದ ಗೀತೆ, ದಾಸರ ಪದ, ವಚನ, ಹರಿಕಥೆಯ ಕ್ಯಾಸೆಟ್ಟುಗಳು ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಸಾಲಾಗಿ ತೂಗುತ್ತಿದ್ದವು. ದೊಡ್ಡ ಕಂಪನಿಗಳು ತಿರುಗಿಯೂ ನೋಡದಿದ್ದ ಕಲೆಗಳಿಗೆ ಮಾರುಕಟ್ಟೆ ಒದಗಿಸಿದ್ದು ಈ ಅಗ್ಗದ ಕ್ಯಾಸೆಟ್ಟು ಎಂಬುದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು. ಕಳ್ಳ ಪ್ರತಿಗಳ ಪಿಡುಗನ್ನು ಬೆಳೆಸಿದ್ದೂ ಅದೇ ಅಗ್ಗತನ.

1980ರ ದಶಕದಲ್ಲಿ ಶಂಕರ್‌ನಾಗ್ ಸಹೋದರರು ಬೆಂಗಳೂರಿನಲ್ಲಿ ‘ಸಂಕೇತ್’ ಸ್ಟುಡಿಯೊ ಕಟ್ಟಿದಾಗ, ಮದರಾಸಿನ ರೈಲು ಹತ್ತದೆಯೂ ಒಳ್ಳೆಯ ಧ್ವನಿಮುದ್ರಣ ಸಾಧ್ಯ ಎಂಬ ಭರವಸೆ ಕನ್ನಡದ ತಂತ್ರಜ್ಞರಿಗೆ ಬಂತು. 1987ರಲ್ಲಿ ‘ಪ್ರೇಮಲೋಕ’ಕ್ಕೆ ಹಂಸಲೇಖ ಬರೆದು ರಾಗಹಾಕಿದ ಹಾಡುಗಳ ಕ್ಯಾಸೆಟ್ಟು ಕನ್ನಡಕ್ಕೂ ದೊಡ್ಡ ಮಾರುಕಟ್ಟೆ ಇದೆಯೆಂದು ತೋರಿಸಿತು. ಆದರೆ ಅದೇ ಹೊತ್ತಿಗೆ ಕೀಬೋರ್ಡು ಸಾಲುಗಟ್ಟಿದ ಪಿಟೀಲುಗಳ ಜಾಗಕ್ಕೆ ಬರುತ್ತಿತ್ತು. 1983ರಲ್ಲಿ ರೂಪುಗೊಂಡ, ಎಲೆಕ್ಟ್ರಾನಿಕ್ ವಾದ್ಯಗಳನ್ನೂ ಕಂಪ್ಯೂಟರನ್ನೂ ಬೆಸೆಯುವ ಮಿಡಿ ವ್ಯವಸ್ಥೆಯಿಂದ ಒಬ್ಬನೇ ಪ್ರೋಗ್ರಾಮರ್ ಹಲವು ವಾದ್ಯಗಳ ದನಿಯನ್ನು ಹೊರಡಿಸಬಲ್ಲವನಾದ. ಒಂದೊಂದು ದನಿಯನ್ನೂ ಬೇರೆಬೇರೆಯಾಗಿ ಮುದ್ರಿಸಿಕೊಳ್ಳುವ ಬಹುಟ್ರ್ಯಾಕ್ ಯಂತ್ರದಿಂದ ಗಾಯಕ ಒಂದು ದಿನ, ವಾದ್ಯದವರು ಇನ್ನೊಂದು ದಿನ ಬಂದು ಹೋಗುವಂತಾಯಿತು. 1990ರ ದಶಕದಲ್ಲಿ ಕಂಪ್ಯೂಟರಿನೊಳಗೇ ಧ್ವನಿಯನ್ನು ಕತ್ತರಿಸಿ ಜೋಡಿಸುವ ತಂತ್ರಾಂಶಗಳು ಬಂದವು. 1997ರಲ್ಲಿ ಬಂದ, ಶ್ರುತಿ ತಿದ್ದುವ ಆಟೊಟ್ಯೂನ್ ತಂತ್ರಾಂಶ ಶ್ರುತಿ ತಪ್ಪಿದರೆ ಮತ್ತೆ ಹಾಡುವ ಅಗತ್ಯವನ್ನೇ ತಗ್ಗಿಸಿತು. ವಾದ್ಯವೃಂದದಲ್ಲಿ ದಿನದೂಡುತ್ತಿದ್ದವರು ಶಾಲೆಗಳಲ್ಲಿ ಪಾಠ, ಮದುವೆ ಆರ್ಕೆಸ್ಟ್ರಾಗಳ ಕಡೆಗೆ ಸರಿದರು. ನನ್ನ ದೃಷ್ಟಿಯಲ್ಲಿ ಈ ಉದ್ಯಮ ಕಂಡ ಅತಿ ದೊಡ್ಡ ಉದ್ಯೋಗನಷ್ಟ ಇದು, ಸದ್ದಿಲ್ಲದೆ ನಡೆದುಹೋದದ್ದು.

ಸಿಡಿಯ ಕಾಲ ನಮ್ಮಲ್ಲಿ ಹೆಚ್ಚು ಬಾಳಲಿಲ್ಲ. ಹಾಡನ್ನು ಚಿಕ್ಕ ಡಿಜಿಟಲ್ ಫೈಲಾಗಿಸುವ ಎಂಪಿತ್ರೀ ಬಂದು, 1999ರ ಬಳಿಕ ಜಗತ್ತಿನಾದ್ಯಂತ ಧ್ವನಿಮುದ್ರಣದ ವರಮಾನ ಬಹುಮಟ್ಟಿಗೆ ಒಂದೂವರೆ ದಶಕ ಕುಸಿಯುತ್ತಲೇ ಹೋಯಿತು. ನಡುವೆ ಕೆಲವು ವರ್ಷ ಮೊಬೈಲಿನ ಕಾಲರ್ ಟ್ಯೂನ್ ಭಾರತೀಯ ಕಂಪನಿಗಳನ್ನು ತೇಲಿಸಿತು. ಈಗ ಸ್ಟ್ರೀಮಿಂಗ್ ವೇದಿಕೆಗಳು, ಯೂಟ್ಯೂಬ್ ವರಮಾನದ ಮೂಲ. ಅಲ್ಲಿ ಹಾಡನ್ನು ಯಾರೂ ಕೊಳ್ಳುವುದಿಲ್ಲ. ಚಂದಾ ಮತ್ತು ಜಾಹೀರಾತಿನ ಒಟ್ಟು ಹಣ ಕೇಳಿಕೆಯ ಪ್ರಮಾಣಕ್ಕೆ ತಕ್ಕಂತೆ ಹಂಚಿಕೆಯಾಗುತ್ತದೆ. ಹಳೆಯ ಹಾಡುಗಳ ದೊಡ್ಡ ಭಂಡಾರ ಉಳ್ಳ ಕಂಪನಿಗೆ ಇದು ಸುಗ್ಗಿ, ಒಂದೆರಡು ಹಾಡು ಮಾಡಿದ ಹೊಸಬನಿಗೆ ಪುಡಿಗಾಸು.

ಹಾಗೆಂದು ಧ್ವನಿಯ ಕೆಲಸಗಳು ಬತ್ತಿಲ್ಲ. ಅವು ಹಾಡಿನಿಂದ ಆಚೆಗೆ ಹರಡಿವೆ. ಕನ್ನಡದಲ್ಲಿ ಡಬ್ಬಿಂಗ್‌ಗಿದ್ದ ಅನಧಿಕೃತ ತಡೆಯ ವಿರುದ್ಧ, ಮಾರುಕಟ್ಟೆಯ ಪೈಪೋಟಿಯನ್ನು ಕಾಯುವ ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಆದೇಶ ನೀಡಿದ ಮೇಲೆ ಕ್ರಮೇಣ ಡಬ್ಬಿಂಗ್ ಚಿತ್ರಗಳು ಬರತೊಡಗಿ, ಕಂಠದಾನ ಕಲಾವಿದರಿಗೂ ಸಂಭಾಷಣೆ ಹೊಂದಿಸುವವರಿಗೂ ಕೆಲಸ ಹುಟ್ಟಿತು. ಕೇಳುಪುಸ್ತಕ, ಪಾಡ್‌ಕಾಸ್ಟ್, ಚಿತ್ರೀಕರಣದ ಸ್ಥಳದಲ್ಲೇ ನಟರ ಮಾತು, ಸದ್ದುಗಳನ್ನು (ಸಿಂಕ್ ಸೌಂಡ್) ಹಿಡಿಯುವುದು, ಸುತ್ತಲಿಂದಲೂ ಮೇಲಿನಿಂದಲೂ ಕೇಳಿಸುವಂತೆ ಧ್ವನಿ ಹೊಂದಿಸುವ ಅಟ್ಮಾಸ್ ಮಿಕ್ಸಿಂಗ್, ಗೇಮ್‌ಗಳಿಗೆ ಶಬ್ದ ರೂಪಿಸುವುದು, ಎಲ್ಲಕ್ಕೂ ಕಿವಿ ಪಳಗಿದವರು ಬೇಕು. ಇಂದಿನ ಹುಡುಗ ಮಲಗುವ ಕೋಣೆಯ ಗೋಡೆಗೆ ಫೋಮ್ ಅಂಟಿಸಿ, ಒಂದು ಲ್ಯಾಪ್‌ಟಾಪ್, ಅದಕ್ಕೆ ಮೈಕನ್ನು ಜೋಡಿಸುವ ಇಂಟರ್‌ಫೇಸ್, ಸೂಕ್ಷ್ಮ ದನಿ ಹಿಡಿಯುವ ಕಂಡೆನ್ಸರ್ ಮೈಕ್ ಇಟ್ಟುಕೊಂಡು ಕೆಲಸ ಶುರುಮಾಡುತ್ತಾನೆ. ಆದರೆ ದೊಡ್ಡ ಸ್ಟುಡಿಯೊದಲ್ಲಿ ಹಿರಿಯ ಧ್ವನಿಗ್ರಾಹಕನ ಪಕ್ಕ ಕೂತು ವರ್ಷಗಟ್ಟಲೆ ಕೇಬಲ್ ಸುತ್ತುತ್ತಾ ಕಲಿಯುವ ಅವಕಾಶ ಅವನಿಗಿಲ್ಲ, ಅದು ನಿಜವಾದ ನಷ್ಟ. ಇದರ ಮೇಲೆ ಕೃತಕ ಬುದ್ಧಿಮತ್ತೆ ದನಿಯನ್ನೇ ನಕಲುಮಾಡತೊಡಗಿದೆ. ಗಾಯಕ ಅರಿಜಿತ್ ಸಿಂಗ್ ಅವರ ದನಿಗೆ ಬಾಂಬೆ ಹೈಕೋರ್ಟು 2024ರಲ್ಲಿ ರಕ್ಷಣೆ ಕೊಡಬೇಕಾಗಿ ಬಂತು.

ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿ ಕೆಲವು ಹಳೆಯ ಅನ್ಯಾಯಗಳನ್ನು ಸರಿಪಡಿಸಿತು. ಚಿತ್ರಮಂದಿರದ ಪ್ರದರ್ಶನ ಬಿಟ್ಟು ಉಳಿದ ಬಳಕೆಗಳಿಂದ ಬರುವ ರಾಯಲ್ಟಿಯಲ್ಲಿ ಸಾಹಿತಿ ಮತ್ತು ಸಂಗೀತಗಾರರ ಸಮಪಾಲನ್ನು ಬರೆಸಿಕೊಳ್ಳಲು ಈಗ ಯಾವ ಕಂಪನಿಗೂ ಬರುವುದಿಲ್ಲ. ಗಾಯಕರಿಗೂ ವಾಣಿಜ್ಯ ಬಳಕೆಯ ರಾಯಲ್ಟಿ ಸಲ್ಲುತ್ತದೆ. ಆದರೆ ಚಿತ್ರದಲ್ಲಿ ಪ್ರಾಸಂಗಿಕವಾಗಿ ಮಾತ್ರ ಬಂದು, ಉದ್ಯಮದ ರೂಢಿಯಂತೆ ಎಲ್ಲಿಯೂ ಹೆಸರು ನಮೂದಾಗದವರನ್ನು ಈ ಪ್ರದರ್ಶಕರ ಸಾಲಿಗೆ ಸೇರಿಸಬೇಕಿಲ್ಲ ಎಂದು ಅದೇ ಕಾಯ್ದೆ ಹೇಳುತ್ತದೆ. ಹೆಸರು ಹಾಕದಿರುವುದೇ ರೂಢಿಯಾಗಿರುವ ಉದ್ಯಮದಲ್ಲಿ ಹಿನ್ನೆಲೆಯ ವಾದಕನಿಗೆ ಇದು ಎಂಥ ಕುತ್ತೆಂದು ವಿವರಿಸಬೇಕಿಲ್ಲ. ಧ್ವನಿಗ್ರಾಹಕನಿಗಂತೂ ಕಾಯ್ದೆಯಲ್ಲಿ ಸ್ಥಾನವೇ ಇಲ್ಲ.

ಮನೆಯಲ್ಲೇ ಹಾಡು ಮುದ್ರಿಸುವ ಹೊಸ ತಲೆಮಾರಿಗೆ ಮಾತ್ರ ಗೌಹರ್ ಜಾನ್‌ಗೂ ಮದರಾಸಿನ ವಾದಕರಿಗೂ ಇಲ್ಲದ ಒಂದು ಬಲವಿದೆ. ಧ್ವನಿಮುದ್ರಣವನ್ನು ತಾನೇ ಮುಂದಾಗಿ, ತನ್ನ ಹೊಣೆಯಲ್ಲಿ ಮಾಡಿದವನೇ ಕಾನೂನಿನ ಕಣ್ಣಿನಲ್ಲಿ ನಿರ್ಮಾಪಕ. ಪ್ರಕಟಣೆಯ ನಂತರ 60 ವರ್ಷ ಅದರ ಹಕ್ಕು ಅವನದು. ಒಂದಿಷ್ಟು ಹಣಕ್ಕೆ ಅದನ್ನು ಕಂಪನಿಗೋ ಚಾನೆಲ್‌ಗೋ ಬರೆದುಕೊಡುವಾಗ ಅವಧಿ ನಮೂದಿಸದಿದ್ದರೆ ಆ ವರ್ಗಾವಣೆ ಐದು ವರ್ಷಕ್ಕೆ ಮಾತ್ರ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದು ಕಾಯ್ದೆಯ 19ನೇ ಕಲಮು ಹೇಳುತ್ತದೆ. ಹಕ್ಕು ಕೊಳ್ಳುವವರು ಮುಂದಿಡುವ ಕರಾರುಗಳಲ್ಲಿ ‘ಶಾಶ್ವತವಾಗಿ, ಜಗತ್ತಿನಾದ್ಯಂತ’ ಎಂಬ ಮಾತು ಪದೇ ಪದೇ ಕಾಣಿಸಿಕೊಳ್ಳುವುದು ಈ ಕಲಮನ್ನು ದಾಟುವುದಕ್ಕಾಗಿಯೇ.