ಮಂಡಕ್ಕಿ ಎಣಿಸಬೇಡಿ, ಅಳೆಯಿರಿ

ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ಕಂಪ್ಯೂಟರ್ ಆಟ ಮಾಡಲು ಹೊರಟ ಹುಡುಗನೊಬ್ಬ ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದಿದ್ದ. "ಓಬವ್ವ ಒನಕೆ ಎತ್ತಿದ್ರೆ ಆಟಾನೇ ನಿಂತ್ ನಿಂತ್ ಹೋಗುತ್ತೆ ಸರ್" ಅಂದ. ಕೋಡ್ ತೆರೆದರೆ ನಕ್ಷೆಯಲ್ಲಿ ಸಾವಿರಕ್ಕೆ ಸಾವಿರ ಚೌಕ, ಒಂದೊಂದು ಚೌಕವೂ ಒಂದು ಎಂಟಿಟಿ. ಒಟ್ಟು 10 ಲಕ್ಷ! "ಇಸಿಎಸ್‌ನಲ್ಲಿ ಎಲ್ಲಾನೂ ಎಂಟಿಟಿನೇ ಅಲ್ವಾ ಸರ್?"

ಅಲ್ಲ. ಈ ನಂಬಿಕೆ ಎಷ್ಟು ಹುಡುಗರ ತಲೆ ಕೆಡಿಸಿದೆಯೋ! ಇಸಿಎಸ್ ಅಂದರೆ ಎಂಟಿಟಿ, ಕಾಂಪೊನೆಂಟ್, ಸಿಸ್ಟಮ್ ಎಂಬ ಮೂರರಿಂದ ಆಟ ಕಟ್ಟುವ ಪದ್ಧತಿ. ಎಂಟಿಟಿ ಬರೀ ಒಂದು ಸಂಖ್ಯೆ, ಕಾಂಪೊನೆಂಟ್ ಅದಕ್ಕೆ ಅಂಟಿಸಿದ ಮಾಹಿತಿ, ಸಿಸ್ಟಮ್ ಆ ಮಾಹಿತಿಯ ಮೇಲೆ ನಡೆಯುವ ಕೆಲಸ. 1998ರ ಥೀಫ್, 2002ರ ಡಂಜನ್ ಸೀಜ್ ಆಟಗಳು ವಸ್ತುಗಳನ್ನು ವಂಶಾವಳಿಯಿಂದ (ಒಂದು ಬಗೆಯಿಂದ ಇನ್ನೊಂದು ಬಗೆ ಹುಟ್ಟಿಸುತ್ತ) ಕಟ್ಟದೆ, ಜೋಡಿಸಿದ ಗುಣಗಳಿಂದ ಕಟ್ಟಿ ತೋರಿಸಿದವು. ಆ ಜೋಡಣೆ ಯಾರಿಗೆ ಬೇಕು? ಬದಲಾಗುವವರಿಗೆ, ಓಡಾಡುವವರಿಗೆ. ನೆಲಕ್ಕಲ್ಲ.

ದಾವಣಗೆರೆಯಲ್ಲಿ ಮಂಡಕ್ಕಿ ಮೆಣಸಿನಕಾಯಿ ಕೊಳ್ಳುವಾಗ ನೋಡಿ. ಮೆಣಸಿನಕಾಯಿ ಎಣಿಸಿ ಕೊಡುತ್ತಾರೆ, ಮಂಡಕ್ಕಿ ಅಳೆದು ಸುರಿಯುತ್ತಾರೆ. ನಕ್ಷೆಯ ಚೌಕಗಳು ಮಂಡಕ್ಕಿ. ಅವನ್ನು ಒಂದೇ ಉದ್ದನೆಯ ಅರೇಯಲ್ಲಿ (ಮೆಮೊರಿಯಲ್ಲಿ ಸಾಲಾಗಿ ಕೂತ ಮನೆಗಳಲ್ಲಿ), ಚೌಕಕ್ಕೆ ಒಂದು ಬೈಟ್‌ನಂತೆ ಸುರಿಯಿರಿ: 0 ಅಂದರೆ ಬಂಡೆ ಅಥವಾ ಗೋಡೆ, 1 ಅಂದರೆ ನಡೆಯುವ ಜಾಗ. ಸೊನ್ನೆಯಿಂದ ಎಣಿಸಿದರೆ 412ನೇ ಸಾಲಿನ 87ನೇ ಚೌಕ ಸಿಗುವುದು 4,12,087ನೇ ಮನೆಯಲ್ಲಿ. ಬಲಗಡೆಯ ಚೌಕಕ್ಕೆ ಒಂದು ಕೂಡಿಸಿ, ಕೆಳಗಿನದಕ್ಕೆ ಸಾವಿರ ಕೂಡಿಸಿ. ಹುಡುಕಾಟವೇ ಇಲ್ಲ! ಬಸ್ಸಿನ 22ನೇ ಸೀಟು ತಾನೆಲ್ಲಿದ್ದೇನೆಂದು ಚೀಟಿ ಬರೆದು ಇಟ್ಟುಕೊಂಡಿರುತ್ತದೆಯೇ? ಹುಡುಗನ ಪ್ರತಿ ಚೌಕವೂ ಆ ಚೀಟಿಗೇ 8 ಬೈಟ್ ತಿನ್ನುತ್ತಿತ್ತು. ಪಕ್ಕದಲ್ಲಿ ಗೋಡೆ ಇದೆಯೇ ಎಂದು ತಿಳಿಯಲು ಪ್ರತಿ ಸೈನಿಕನೂ ಹೆಜ್ಜೆಹೆಜ್ಜೆಗೂ 10 ಲಕ್ಷ ಚೀಟಿ ತಡಕಬೇಕಿತ್ತು.

ಇನ್ನೂ ಒಂದು ಸೊಗಸಿದೆ. ಪ್ರೊಸೆಸರ್ ಮೆಮೊರಿಯಿಂದ ಒಂದೇ ಬೈಟ್ ಎತ್ತಿಕೊಳ್ಳುವುದಿಲ್ಲ, ಸಾಮಾನ್ಯವಾಗಿ 64 ಬೈಟ್‌ಗಳನ್ನು ಒಟ್ಟಿಗೆ ಬಾಚುತ್ತದೆ. ಡಬ್ಬಿಗೆ ಕೈ ಹಾಕಿದರೆ ಒಂದು ಕಾಳಲ್ಲ, ಹಿಡಿ ತುಂಬ ಮಂಡಕ್ಕಿ. ಅರೇಯಲ್ಲಿ ಆ ಒಂದು ಹಿಡಿಗೆ ಸಾಲಾಗಿ 64 ಚೌಕ ಬಂದುಬಿಡುತ್ತವೆ. ಚೀಟಿ ಹೊತ್ತ ಚೌಕಗಳಾದರೆ ಅದೇ ಹಿಡಿಗೆ ಎಂಟಕ್ಕಿಂತ ಹೆಚ್ಚು ಸಿಕ್ಕುವುದಿಲ್ಲ.

ಹಾಗಾದರೆ ಕಿಂಡಿ? ಗಂಡ ಊಟಕ್ಕೆ ಕೂತಿದ್ದಾಗ ನೀರಿಗೆ ಹೋದ ಓಬವ್ವ, ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳುವುದನ್ನು ಕಂಡದ್ದು ಅಲ್ಲೇ. (ಕೋಟೆ ಕೊನೆಗೆ 1779ರಲ್ಲಿ ಹೈದರಾಲಿಯ ಕೈಸೇರಿತು.) ಅರೇಯಲ್ಲಿ ಕಿಂಡಿಯೂ ಬರೀ 1, ನಡೆಯುವ ಜಾಗ. "ಒಮ್ಮೆಗೆ ಒಬ್ಬರೇ" ಎಂಬ ಗುಣ ಇಡೀ ಕೋಟೆಯಲ್ಲಿ ಅದೊಂದಕ್ಕೇ ಇದೆ. ಆದ್ದರಿಂದ ಅದೇ ಚೌಕದ ಮೇಲೆ ಒಂದು ಎಂಟಿಟಿ ಕೂರಿಸಿ, ಆ ಗುಣವನ್ನು ಕಾಂಪೊನೆಂಟ್ ಮಾಡಿದೆವು. ಓಬವ್ವ, ಸೈನಿಕರು, ಬಾಗಿಲುಗಳು ಎಲ್ಲ ಎಣಿಸಿ ಕೊಡುವ ಮೆಣಸಿನಕಾಯಿ.

"ಫಿರಂಗಿ ಗುಂಡು ಗೋಡೆಗೆ ಬಿದ್ರೆ ಸರ್?" ಅಂದ ಹುಡುಗ. ಏಟು ಬಿದ್ದ ಚೌಕಕ್ಕೆ ಮಾತ್ರ, ಏಟು ಬಿದ್ದ ಗಳಿಗೆಯಲ್ಲಿ, ಉಳಿದ ಬಲವನ್ನು ಹೊತ್ತ ಎಂಟಿಟಿ ಹುಟ್ಟಿಸಿ. ಗೋಡೆ ಉರುಳಿದಾಗ ಅದನ್ನು ಅಳಿಸಿ, ಅರೇಯ ಆ ಮನೆಯಲ್ಲಿ 0 ತೆಗೆದು 1 ಬರೆಯಿರಿ.